ಗುಣಪಾಲಣ್ಣನ ಅಕ್ಷರ

26 ಮೇ 2024, ಭಾನುವಾರ

ಈ ಪುಸ್ತಕದಲ್ಲಿ ನಾನು ಬರೆಯುವುದು ಬೋಟಿನ ಹೆಸರು, ಬಳಿದ ಬಣ್ಣ, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದೆ ಎಂಬುದು, ಇಷ್ಟೇ. ಮುಂದಿನ ಮಳೆಗಾಲಕ್ಕೆ ಅದೇ ಬೋಟು ದಡಕ್ಕೆ ಬಂದು ಯಜಮಾನರು ‘ಅದೇ ನೀಲಿ ಬೇಕು’ ಎಂದರೆ ತಡಕಾಡಬೇಕಾಗಿಲ್ಲ. ಈ ಅಭ್ಯಾಸ ಮಾಡಿಸಿದವರು ಗುಣಪಾಲಣ್ಣ. ಇವತ್ತು ಬರೆಯಲು ಬಣ್ಣದ ವಿಷಯ ಇಲ್ಲ. ಹೊಟ್ಟೆ ಉರಿಯುತ್ತಿದೆ, ಅದನ್ನೇ ಬರೆಯುತ್ತೇನೆ.

ಸೌಮ್ಯಶ್ರೀಯ ಅಕ್ಕನ ಮನೆಯ ಪೂಜೆಗೆಂದು ಗಂಡ ಹೆಂಡತಿ ಕಾರ್ಕಳಕ್ಕೆ ಹೋಗಿದ್ದೆವು. ವಾಪಸು ಬರಲು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಹೊಸ ಬಸ್ಸೊಂದು ಒಳಗೆ ಬಂತು. ಗಾಜಿನ ಮೇಲ್ಗಡೆ ‘ಶ್ರೀ ಮಹಿಷಮರ್ದಿನಿ’ ಎಂದು ಹಳದಿ ಅಕ್ಷರ. ಕೈಯಲ್ಲಿದ್ದ ಪ್ರಸಾದದ ಚೀಲವನ್ನು ಸೌಮ್ಯಶ್ರೀಗೆ ಕೊಟ್ಟು ನಾನು ಬಸ್ಸಿನ ಎದುರು ಹೋಗಿ ನಿಂತೆ. ಡ್ರೈವರ್ ಹಾರ್ನ್ ಹೊಡೆದ. ನಾನು ಕದಲಲಿಲ್ಲ.

ಅದು ಗುಣಪಾಲಣ್ಣನ ಅಕ್ಷರ. ದಪ್ಪ ತಲೆಕಟ್ಟು, ಅದರ ತುದಿ ಓರೆಯಾಗಿ ಕತ್ತರಿಸಿದ್ದು. ಅಕ್ಷರದ ಹೊಟ್ಟೆ ಅಗಲ. ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳದೆ ಒಂದು ಬೆರಳಿನಷ್ಟು ಕೆಳಗಿಳಿದು, ಕೊನೆಯಲ್ಲಿ ಗಾಳದ ಕೊಕ್ಕೆಯ ಹಾಗೆ ಮೇಲಕ್ಕೆ ತಿರುಗುತ್ತದೆ. ಹೀಗೆ ಸರಿಯಾಗಿ ಬರೆಯುವವರು ಈ ಕರಾವಳಿಯಲ್ಲಿ ಇಬ್ಬರೇ. ಒಬ್ಬರು ಕಾಪುವಿನ ಗುಣಪಾಲಣ್ಣ, ಇನ್ನೊಬ್ಬ ಅವರ ಕೈ ಕೆಳಗೆ ಆರು ವರ್ಷ ಕಲಿತ ನಾನು. ಅವರ ಕೈ ನಿಂತು ಒಂಬತ್ತು ವರ್ಷ ಆಯಿತು. ನಾನಂತೂ ಜನ್ಮದಲ್ಲಿ ಬಸ್ಸಿಗೆ ಬರೆದವನಲ್ಲ.

ಕಂಡಕ್ಟರ್ ಇಳಿದು ಬಂದ. “ಎಂತ ನೋಡುದು ಅಣ್ಣಾ? ಬಸ್ಸು ಬಿಡ್ಲಿಕ್ಕುಂಟು.”

“ಈ ಅಕ್ಷರ ಯಾರು ಬರ್ದದ್ದು?”

“ಬರ್ದದ್ದೆಲ್ಲಿ, ಸ್ಟಿಕ್ಕರ್ ಅದು. ಉಡುಪಿಯಲ್ಲಿ ಲಾಯ್ಡ್ ಅಂತ ಇದ್ದಾರಲ್ಲ, ಅವರ ಅಂಗಡಿಯದ್ದು.”

ಬಾಗಿಲ ಬದಿಯಲ್ಲಿದ್ದ ಸಣ್ಣ ‘ಶ್ರೀ’ಯ ತುದಿಯನ್ನು ಉಗುರಿನಿಂದ ಎಬ್ಬಿಸಿ ನೋಡಿದೆ. ಹೌದು, ಪ್ಲಾಸ್ಟಿಕ್. ಮನುಷ್ಯನ ಜೀವಮಾನದ ಕೆಲಸ ಉಗುರಿಗೆ ಎದ್ದು ಬಂತು.

29 ಮೇ, ಬುಧವಾರ

ಲಾಯ್ಡ್‌ನ ಅಂಗಡಿ ಆದಿ ಉಡುಪಿಯಲ್ಲಿ. ಮೂವತ್ತು ದಾಟಿರಲಿಕ್ಕಿಲ್ಲ, ಮರ್ಯಾದೆಯವನು. ಜಗಳಕ್ಕೆಂದು ಹೋದವನಿಗೆ ಕುರ್ಚಿ ಹಾಕಿ ಎಳನೀರಿನ ಬೊಂಡ ತರಿಸಿ ಕೊಟ್ಟ. ಇಂಥವರ ಹತ್ತಿರ ಜಗಳ ಮಾಡುವುದು ಕಷ್ಟ.

ಕಂಪ್ಯೂಟರಿನಲ್ಲಿ ತೋರಿಸಿದ. ಎರಡು ವರ್ಷದ ಹಿಂದೆ ಮಲ್ಪೆ ಬಂದರಿಗೆ ಹೋಗಿ ನಲವತ್ತು ಬೋಟುಗಳ ಫೋಟೊ ತೆಗೆದನಂತೆ. ಅದರಿಂದ ಒಂದೊಂದೇ ಅಕ್ಷರ ಕತ್ತರಿಸಿ ಇಡೀ ವರ್ಣಮಾಲೆ ಕೂರಿಸಿದ್ದಾನೆ. “ಯಾವ ಬೋಟಿನಲ್ಲಿಯೂ ‘ಢ’ ಸಿಗ್ಲಿಲ್ಲ. ಅದನ್ನು ಮಾತ್ರ ನಾನೇ ಮಾಡಿದ್ದು” ಎಂದು ಹೆಮ್ಮೆಯಿಂದ ಹೇಳಿದ. ನೋಡಿದೆ. ಆ ‘ಢ’ ತಪ್ಪು. ಹೊಟ್ಟೆ ಇಲ್ಲ ಅದಕ್ಕೆ.

“ಇದು ಕಾಪುವಿನ ಗುಣಪಾಲಣ್ಣನ ಅಕ್ಷರ. ಅವರನ್ನು ಒಂದು ಮಾತು ಕೇಳಿದ್ದೀರಾ?” ಎಂದೆ.

“ಧನರಾಜಣ್ಣ, ಬೋಟು ಎಲ್ಲರ ಕಣ್ಣಿಗೆ ಬೀಳುವ ವಸ್ತು. ಅದರಲ್ಲಿ ಯಜಮಾನರ ಹೆಸರು ಉಂಟು, ದೇವರ ಹೆಸರು ಉಂಟು, ನಂಬರ್ ಉಂಟು. ಬರ್ದವರ ಹೆಸರು ಎಲ್ಲಿ ಉಂಟು? ನಾನು ಯಾರನ್ನು ಹೋಗಿ ಕೇಳುದು?”

ನಾವು ಬೋಟಿನಲ್ಲಿ ಹೆಸರು ಹಾಕುವುದಿಲ್ಲ. ಹಾಕಬಾರದೆಂದೇನೂ ಇಲ್ಲ, ಹಾಕಿದವರಿಲ್ಲ.

“ಬೇಜಾರು ಮಾಡ್ಬೇಡಿ. ನನ್ನ ಒಟ್ಟಿಗೆ ಬನ್ನಿ. ನಿಮ್ಮ ಕಣ್ಣು ನನಗೆ ಬೇಕು. ಗುಣಪಾಲಣ್ಣನನ್ನೂ ಒಮ್ಮೆ ಕರ್ಕೊಂಡು ಬನ್ನಿ, ಮಾತಾಡುವ” ಎಂದ.

ಹೊರಗೆ ಬರುವಾಗ ಗೋಡೆಗೆ ಒರಗಿಸಿಟ್ಟ ಅಕ್ಷರಗಳು ಕಂಡವು. ‘ಜಲದುರ್ಗಾ’. ಅದು ಸುಂದರಣ್ಣನ ಬೋಟಿನ ಹೆಸರು. ಹದಿನಾಲ್ಕು ವರ್ಷ ನಾನೇ ಬರೆದ ಬೋಟು, ಈ ಸಲ ಸ್ಟಿಕ್ಕರಿಗೆ ಹೋಗಿದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಹೀಗೇ ಎರಡು ಮಳೆಗಾಲ ಹೋದರೆ ನನ್ನ ಬ್ರಷ್ಷು ಗೇಟಿಗೆ ಬಣ್ಣ ಬಳಿಯಲಿಕ್ಕೆ.

2 ಜೂನ್, ಭಾನುವಾರ

ಕಾಪುವಿಗೆ ಹೋದೆ. ಗುಣಪಾಲಣ್ಣ ಚಾವಡಿಯ ಕುರ್ಚಿಯಲ್ಲಿ ಬಲಗೈಯನ್ನು ತೊಡೆಯ ಅಡಿಗೆ ಒತ್ತಿಕೊಂಡು ಕೂತಿದ್ದರು. ಹಾಗೆ ಒತ್ತಿಕೊಂಡರೆ ನಡುಕ ಕಾಣುವುದಿಲ್ಲ. ಹೆಂಡತಿ ಅಮ್ಮಣ್ಣಿಯಕ್ಕ ಚಹಾದ ಲೋಟ ಅವರ ಬಾಯಿಗೆ ಹಿಡಿದರು. ಮಕ್ಕಳಿಲ್ಲದ ಮನೆ. ನಾನು ಹೋದರೆ ಮೀನು ಹುರಿಯದೆ ಕಳುಹಿಸುವುದಿಲ್ಲ. (ಅಲ್ಲಿ ನಾವು ಮಾತಾಡುವುದು ತುಳು. ಬರೆಯುವಾಗ ಕೈ ಕನ್ನಡಕ್ಕೆ ಹೋಗುತ್ತದೆ.)

ವಿಷಯ ಹೇಳಿದೆ. ಅವರಿಗೂ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ.

“ಒತ್ತು ಸರಿ ಬಂದಿದೆಯಾ?” ಎಂದು ಕೇಳಿದರು.

“ಬಂದಿದೆ.”

“ಹಾಗಾದ್ರೆ ಒಳ್ಳೆದಾಯ್ತಲ್ಲ ಮಾರಾಯ. ಸಮುದ್ರದ ಅಕ್ಷರ ಕಾರ್ಕಳ ಹತ್ತಿತು. ಇನ್ನು ಘಟ್ಟವೂ ಹತ್ತಬಹುದು.”

ನಗುತ್ತಾರೆ. ನನಗೆ ತಡೆಯಲಾಗಲಿಲ್ಲ. ಅದು ನಿಮ್ಮ ಸ್ವತ್ತು, ಕದ್ದಿದ್ದಾನೆ, ನೀವು ನಗುವುದಾ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ಸ್ವತ್ತಾ? ಇವಳನ್ನು ಕೇಳು” ಎಂದರು.

ಅಮ್ಮಣ್ಣಿಯಕ್ಕ ಹೇಳಿದ ಕಥೆ ನಾನು ಮೊದಲೂ ಕೇಳಿದ್ದೆ. ಮದುವೆಯಾದ ಹೊಸತರಲ್ಲಿ ಗುಣಪಾಲಣ್ಣ ಹಲಗೆಯ ಮೇಲೆ ಮಸಿಯಲ್ಲಿ ಅಕ್ಷರ ಬರೆದು ಹೆಂಡತಿಯ ಅಣ್ಣಂದಿರ ದೋಣಿಗೆ ಕಟ್ಟಿ ಸಮುದ್ರಕ್ಕೆ ಕಳುಹಿಸುತ್ತಿದ್ದರು. ದಡದಲ್ಲಿ ಅಮ್ಮಣ್ಣಿಯಕ್ಕನನ್ನು ನಿಲ್ಲಿಸುವುದು. ಅವರಿಗೆ ಓದಲು ಬಾರದು. ದೋಣಿ ದೂರ ಹೋದ ಹಾಗೆ ಯಾವ ಗೆರೆ ಮೊದಲು ಅಳಿಯಿತು, ಯಾವುದು ಕೊನೆಯವರೆಗೆ ನಿಂತಿತು ಎಂದು ಅವರು ಹೇಳಬೇಕು. ಅಳಿದದ್ದನ್ನು ಗುಣಪಾಲಣ್ಣ ದಪ್ಪ ಮಾಡುವುದು, ಒಂದಕ್ಕೊಂದು ಅಂಟಿದ್ದನ್ನು ಬಿಡಿಸುವುದು. ಎರಡು ವರ್ಷ ಹೀಗೇ ನಡೆಯಿತಂತೆ. “ಗಾಳಿಮಳೆಯ ದಿನ ದಡದಲ್ಲಿ ನಿಂತ ಹೆಂಗಸಿಗೆ, ಬಂದದ್ದು ನಮ್ಮ ದೋಣಿಯಾ ಬೇರೆಯವರದ್ದಾ ಅಂತ ಗೊತ್ತಾಗ್ಬೇಕು. ಅದಕ್ಕೆ ಮಾಡಿದ್ದು” ಎಂದರು ಗುಣಪಾಲಣ್ಣ.

ಇಂಥ ಮನುಷ್ಯನ ಹೆಸರು ಎಲ್ಲಿಯೂ ಇಲ್ಲವಲ್ಲ ಎಂದು ಬರುವಾಗ ಬಸ್ಸಿನಲ್ಲಿ ಕಣ್ಣು ತುಂಬಿತು. ಅವರ ಹೆಸರು ನಾನು ನಿಲ್ಲಿಸುತ್ತೇನೆ.

9 ಜೂನ್, ಭಾನುವಾರ

ಮಣಿಪಾಲದಲ್ಲಿ ಒಂದು ದಿನದ ಶಿಬಿರ. ‘ಬೌದ್ಧಿಕ ಆಸ್ತಿಯ ಹಕ್ಕುಗಳು: ಕುಶಲಕರ್ಮಿಗಳಿಗೆ ಪರಿಚಯ’ ಎಂದು ಬ್ಯಾನರು. ಸೌಮ್ಯಶ್ರೀಯ ಸ್ವಸಹಾಯ ಸಂಘಕ್ಕೆ ಬಂದ ಚೀಟಿ ಹಿಡಿದು ಹೋದೆ. ಸಂಜೆ ಚಹಾಕ್ಕೆ ಮುಗಿಯುತ್ತದೆ, ಮಧ್ಯಾಹ್ನ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ನಿದ್ದೆ ಬರಲಿಲ್ಲ.

ಹೇಳಿದವರು ಆಶ್ರಿತಾ ಎಂಬ ವಕೀಲರು. ಚಿಕ್ಕ ಪ್ರಾಯ, ಮಾತು ಚುರುಕು. ಮನೆ, ಜಾಗ, ದೋಣಿ ಹೇಗೆ ಆಸ್ತಿಯೋ ಹಾಗೆ ತಲೆಯಲ್ಲಿ ಹುಟ್ಟಿದ್ದೂ ಆಸ್ತಿ ಎಂದರು. ಹೊಸ ಯಂತ್ರ ಕಂಡುಹಿಡಿದರೆ ಪೇಟೆಂಟ್, ಇಪ್ಪತ್ತು ವರ್ಷ. ಅಂಗಡಿಯ ಹೆಸರಿಗೂ ಗುರುತಿಗೂ ಟ್ರೇಡ್‌ಮಾರ್ಕ್, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಊರಿನ ಮಣ್ಣಿಗೇ ಅಂಟಿಕೊಂಡ ವಸ್ತುವಿಗೆ ಭೌಗೋಳಿಕ ಗುರುತು, ನಮ್ಮ ಮಟ್ಟುವಿನ ಗುಳ್ಳ ಬದನೆಯ ಹಾಗೆ, ಶಂಕರಪುರದ ಮಲ್ಲಿಗೆಯ ಹಾಗೆ. ಬರೆದದ್ದು, ಹಾಡಿದ್ದು, ಚಿತ್ರಿಸಿದ್ದು ಕೃತಿಸ್ವಾಮ್ಯ. ಅದು ಕೃತಿ ಹುಟ್ಟಿದ ಕ್ಷಣದಿಂದಲೇ ಉಂಟು, ಮಾಡಿದವನ ಜೀವಮಾನ ಪೂರ್ತಿ, ಸತ್ತ ಮೇಲೆ ಇನ್ನೂ ಅರವತ್ತು ವರ್ಷ.

ಪಕ್ಕದಲ್ಲಿದ್ದ ಶಂಕರಪುರದ ಮಲ್ಲಿಗೆ ಬೆಳೆಯುವ ಹೆಂಗಸು ಒಲಿಂಡಾ ಬಾಯಿ ನನ್ನ ಕಿವಿಯಲ್ಲಿ, “ಸತ್ತ ಮೇಲೆ ಅರವತ್ತು ವರ್ಷ ಎಂತ ಮಾಡ್ಲಿಕ್ಕೆ?” ಎಂದರು.

ನಾನು ಎದ್ದು ನಿಂತು ಕೇಳಿದೆ. “ಮೇಡಂ, ಅಕ್ಷರಕ್ಕೆ ಹಕ್ಕು ಉಂಟಾ?”

“ಅಕ್ಷರ ಯಾರದ್ದೂ ಅಲ್ಲ. ‘ಶ್ರೀ’ ಬರೀಬೇಡ ಅಂತ ಯಾರೂ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲ. ಆದರೆ ಒಬ್ಬರು ಅದನ್ನು ಚಿತ್ರದ ಹಾಗೆ ತಮ್ಮದೇ ರೀತಿಯಲ್ಲಿ ಮಾಡಿದ್ದರೆ ಆ ಚಿತ್ರಕ್ಕೆ ಹಕ್ಕು ಕೇಳಬಹುದು. ವಾದ ಮಾಡ್ಬೇಕಾಗ್ತದೆ, ಸುಲಭ ಅಲ್ಲ. ನೋಂದಣಿ ಕಡ್ಡಾಯ ಅಲ್ಲ, ಮಾಡಿಟ್ಟರೆ ಸಾಕ್ಷಿಗೆ ಬಲ. ನೀವು ಬರೀತೀರಾ?”

“ನಮ್ಮ ಗುರುಗಳು ಗುಣಪಾಲ ಅಂತ, ಅವರ ಅಕ್ಷರ” ಎಂದೆ. ಸಭೆಯಲ್ಲಿ ಅವರ ಹೆಸರು ಹೇಳಿದ್ದು ತೃಪ್ತಿಯಾಯಿತು.

13 ಜೂನ್

ಮಳೆ. ಟಾರ್ಪಾಲಿನ ಅಡಿಯಲ್ಲಿ ಒಂದು ಬೋಟು ಕೆರೆದದ್ದು. ಬಿಳಿ ಎರಡು ಡಬ್ಬಿ. ಇನ್ನೊಬ್ಬರು ಸ್ಟಿಕ್ಕರಿಗೆ ಹೋದ ಸುದ್ದಿ.

18 ಜೂನ್, ಮಂಗಳವಾರ

ಮಣಿಪಾಲದಲ್ಲಿ ಆಶ್ರಿತಾ ಮೇಡಂ ಆಫೀಸಿಗೆ ಹೋದೆ. ನಮ್ಮ ಬೋಟುಗಳ ಫೋಟೊ ನೋಡಿ ಅರ್ಜಿಗೆ ಬೇಕಾದದ್ದನ್ನು ಒಂದೊಂದೇ ಕೇಳಿದರು. ಕೃತಿಯ ವಿವರ. ಮೊದಲು ರಚಿಸಿದ ವರ್ಷ. ಕರ್ತೃವಿನ ಹೆಸರು.

“ಮೊದಲು ಬರೆದವರು ಯಾರು?”

“ನಾವು” ಎಂದೆ.

“ನಾವು ಅಂದ್ರೆ?”

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹಾಗಾದರೆ ಕರ್ತೃ ಗುಣಪಾಲ, ನೀವಲ್ಲ. ಅವರ ಹೆಸರಿನಲ್ಲೇ ಅರ್ಜಿ ಹಾಕಬಹುದು. ಇಲ್ಲವಾದರೆ ಅವರು ಹಕ್ಕನ್ನು ನಿಮಗೆ ವರ್ಗಾಯಿಸಿದ್ದೇನೆಂದು ಬರೆದು ಸಹಿ ಹಾಕಿದರೂ ಆಗುತ್ತದೆ, ಒಂದು ಪುಟದ ಕಾಗದ ಸಾಕು, ಆಗಲೂ ಕರ್ತೃ ಅವರೇ ಎಂದರು. ಅವರು ಬರೆದ ಹಳೆಯ ಬೋಟು ಯಾವುದಾದರೂ ಉಂಟಾ ಎಂದೂ ಕೇಳಿದರು.

“ಇಲ್ಲ ಮೇಡಂ. ವರ್ಷ ವರ್ಷ ಕೆರೆದು ಹಾಕುವುದಲ್ಲವಾ.”

ಹೇಳಿದ ಮೇಲೆ ನನಗೇ ಒಂಥರಾ ಆಯಿತು. ಮೀನುಗಾರಿಕೆ ನಿಂತ ಎರಡು ತಿಂಗಳಲ್ಲಿ ಬೋಟುಗಳನ್ನು ಮೇಲೆಳೆದು, ಹಳೆಯ ಬಣ್ಣ ಮರ ಕಾಣುವವರೆಗೆ ಕೆರೆದು, ಹೊಸದು ಬರೆಯುವುದು ನಮ್ಮ ಕೆಲಸ. ಗುಣಪಾಲಣ್ಣ ಮೂವತ್ತು ವರ್ಷ ಬರೆದರು. ಅದರಲ್ಲಿ ಒಂದೂ ಇಲ್ಲ. ಬಹುಪಾಲು ಕೆರೆದವನು ನಾನೇ.

“ಕೈ ಆಗದವರನ್ನು ಆಫೀಸು ಕೋರ್ಟು ಅಂತ ಅಲೆಸ್ಲಿಕ್ಕೆ ಆಗುದಿಲ್ಲ” ಎಂದೆ.

“ಹೆಬ್ಬೆಟ್ಟು ಆದರೂ ಆಗ್ತದೆ. ನಾನೇ ಮನೆಗೆ ಬರ್ತೇನೆ. ಆದರೆ ಸತ್ಯ ಬರೀಬೇಕು.”

ಭಾನುವಾರ ಹೋಗಿ ಕೇಳುವುದು ಎಂದು ನಿಶ್ಚಯಿಸಿದೆ. ಅಕ್ಷರ ಬರೆದ ಮನುಷ್ಯನಿಂದ ಹೆಬ್ಬೆಟ್ಟು ಒತ್ತಿಸುವುದು ಮಾತ್ರ ಮನಸ್ಸಿಗೆ ಹಿಡಿಸುವುದಿಲ್ಲ.

23 ಜೂನ್, ಭಾನುವಾರ

ಕಾಪುವಿಗೆ ಹೋಗಿದ್ದೆ. ಕೇಳಲಿಲ್ಲ. ಅವರಿಗೆ ಜ್ವರ ಬಂದು ಇಳಿದಿತ್ತು, ಆಯಾಸದಲ್ಲಿದ್ದರು. ಅಲ್ಲದೆ ಕೇಳಿದರೆ ಅವರು ಏನು ಹೇಳುತ್ತಾರೆ ಎಂದು ನನಗೆ ಗೊತ್ತು. “ಬಿಡು ಮಾರಾಯ, ಆ ಹುಡುಗನೂ ಬದುಕ್ಲಿ” ಎನ್ನುತ್ತಾರೆ. ಹಾಗೆ ಒಮ್ಮೆ ಅವರ ಬಾಯಿಂದ ಬಂದ ಮೇಲೆ ನಾನು ಮುಂದೆ ಹೋಗುವ ಹಾಗಿಲ್ಲ. ಕೇಳದಿದ್ದರೆ ಹೇಳುವುದೂ ಇಲ್ಲ. ಅಮ್ಮಣ್ಣಿಯಕ್ಕ ಒಣಮೀನಿನ ಚಟ್ನಿ ಕಟ್ಟಿ ಕೊಟ್ಟರು.

30 ಜೂನ್, ಭಾನುವಾರ

ನಿನ್ನೆ ಅರ್ಜಿ ಸೇರಿತು. ಕರ್ತೃವಿನ ಹೆಸರು: ಧನರಾಜ್.

ಅನುಕೂಲಕ್ಕೆ ಅಷ್ಟೇ. ಮೇಡಂ ಹತ್ತಿರ, ಗುರುಗಳು ಕಲಿಸಿದ್ದು ಬ್ರಷ್ಷು ಹಿಡಿಯುವುದು, ಬಣ್ಣ ಬೆರೆಸುವುದು, ಈ ರೂಪಕ್ಕೆ ತಂದವನು ನಾನೇ, ಅವತ್ತು ಸರಿಯಾಗಿ ಹೇಳಲಾಗಲಿಲ್ಲ ಎಂದೆ. ಅವರು ನನ್ನ ಮುಖ ನೋಡಿದರು. “ಇದರಲ್ಲಿ ಬೇರೆ ಯಾರಿಗಾದರೂ ಹಿತಾಸಕ್ತಿ ಉಂಟಾ, ಇದ್ದರೆ ಅವರಿಗೆ ತಿಳಿಸ್ಬೇಕು” ಎಂದು ಎರಡು ಸಲ ಕೇಳಿದರು. ಯಾರೂ ಇಲ್ಲ ಎಂದು ಬರೆಸಿದೆ. ಇನ್ನು ಮೂವತ್ತು ದಿನ ಕಾಯಬೇಕು, ಯಾರ ಆಕ್ಷೇಪವೂ ಬಾರದಿದ್ದರೆ ಮುಂದಕ್ಕೆ ಹೋಗುತ್ತದೆ.

ಯೋಚಿಸಿ ನೋಡಿದರೆ ಅದು ಸುಳ್ಳೂ ಅಲ್ಲ. ಇಪ್ಪತ್ತು ವರ್ಷದಲ್ಲಿ ಒತ್ತಿನ ಕೊಕ್ಕೆಯನ್ನು ನಾನು ಎಷ್ಟೋ ತಿದ್ದಿದ್ದೇನೆ. ಅವರಿಗೆ ಮಕ್ಕಳಿಲ್ಲ. ಅವರ ಹೆಸರಿನಲ್ಲಿ ಮಾಡಿದರೆ ನಾಳೆ ಅದು ಯಾರಿಗೆ? ನನ್ನ ಹೆಸರಿನಲ್ಲಿದ್ದರೆ ನಮ್ಮ ಅಕ್ಷರ ಉಳಿಯುತ್ತದೆ. ಗಾಳಿ ಬಂದಾಗ ತೂರಿಕೊಳ್ಳಬೇಕು.

8 ಜುಲೈ, ಸೋಮವಾರ

ಆ ಅಕ್ಷರ ಬಳಸಬಾರದೆಂದು ಮೇಡಂ ಕಳುಹಿಸಿದ ನೋಟಿಸು ಲಾಯ್ಡ್‌ಗೆ ಮುಟ್ಟಿತು. ಸುದ್ದಿ ಮಲ್ಪೆಯಲ್ಲೆಲ್ಲ ಹರಡಿದೆ. ಸುಂದರಣ್ಣ ಸ್ವತಃ ಫೋನು ಮಾಡಿ, “ನಿನ್ನ ಅಕ್ಷರಕ್ಕೆ ಕಾನೂನು ಉಂಟಂತೆ, ನಮಗೆಂತಕ್ಕೆ ರಗಳೆ, ನೀನೇ ಬಂದು ಬರಿ” ಎಂದರು. ಸ್ಟಿಕ್ಕರ್ ಕಿತ್ತು ಹಾಕಿಸಿ ಬರೆದು ಬಂದೆ. ನೀಲಿಗೆ ಸ್ವಲ್ಪ ಕಪ್ಪು, ಅಕ್ಷರಕ್ಕೆ ಹಳದಿ, ಅಂಚಿಗೆ ಕೆಂಪು. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ‘ಧನರಾಜ್’ ಎಂದು ಹಾಕಿದೆ. ಮೊದಲ ಸಲ ಹಾಕುವಾಗ ಕೈ ಸ್ವಲ್ಪ ತಡೆಯಿತು, ಮತ್ತೆ ಅಭ್ಯಾಸವಾಯಿತು.

ಪೇಪರಿನವರು ಬಂದು ಫೋಟೊ ತೆಗೆದರು. ‘ಬೋಟಿನ ಅಕ್ಷರಕ್ಕೆ ಹಕ್ಕು ಕೇಳಿದ ಕಲಾವಿದ’ ಎಂದು ಹಾಕಿದ್ದಾರೆ. ಕಲಾವಿದ ಎಂದು ನನ್ನನ್ನು ಇದುವರೆಗೆ ಯಾರೂ ಕರೆದಿರಲಿಲ್ಲ. ಪೇಪರನ್ನು ನಾಲ್ಕು ಸಲ ಓದಿದೆ.

ಸೌಮ್ಯಶ್ರೀ ಓದಿ, “ಇದ್ರಲ್ಲಿ ಗುಣಪಾಲಣ್ಣನ ಹೆಸರೇ ಇಲ್ಲವಲ್ಲ” ಎಂದಳು.

“ಅವರು ಕೇಳ್ಲಿಲ್ಲ. ಜಾಗವೂ ಕಡಿಮೆ ಇತ್ತು.”

ಅವಳು ಪೇಪರನ್ನು ಮಡಚಿಟ್ಟು ಒಳಗೆ ಹೋದಳು. ಹೆಂಗಸರಿಗೆ ಎಲ್ಲದರಲ್ಲಿಯೂ ಒಂದು ಕೊರತೆ ಕಾಣಬೇಕು.

20 ಜುಲೈ, ಶನಿವಾರ

ಲಾಯ್ಡ್ ಆಕ್ಷೇಪ ಹಾಕಿದ್ದಾನೆ. ಆ ಅಕ್ಷರ ಧನರಾಜನದ್ದಲ್ಲ, ಕಾಪುವಿನ ಗುಣಪಾಲರದ್ದು, ಇದನ್ನು ಧನರಾಜನೇ ನನ್ನ ಅಂಗಡಿಯಲ್ಲಿ ಕೂತು ಹೇಳಿದ್ದು ಎಂದು ಬರೆದಿದ್ದಾನೆ. ಬೊಂಡ ಕುಡಿಸಿ ಬಾಯಿ ಬಿಡಿಸಿದ ಹಾಗಾಯಿತು. ಅಷ್ಟೇ ಅಲ್ಲ, ಕಾಪುವಿನವರು ಹೇಳಿದ ಪ್ರಕಾರ ಗುಣಪಾಲರ ಮನೆಯ ಹಿಂದೆ ಹಳೆಯ ದೋಣಿಯೊಂದು ಉಂಟು, ಅದರ ಮೇಲೆ ಅವರು ಬರೆದ ಹೆಸರೂ ಇಸವಿಯೂ ಹಾಗೆಯೇ ಉಂಟು, ಗುರುವಾರ ಹೋಗಿ ಫೋಟೊ ತೆಗೆದು ಹಾಜರುಪಡಿಸುತ್ತೇನೆ ಎಂದಿದ್ದಾನೆ.

ಆ ದೋಣಿ ನನಗೆ ನೆನಪೇ ಇರಲಿಲ್ಲ. ಅಮ್ಮಣ್ಣಿಯಕ್ಕನ ಅಣ್ಣನದ್ದು. ಆತ ಸಮುದ್ರಕ್ಕೆ ಹೋಗುವುದು ಬಿಟ್ಟ ಮೇಲೆ ತಂದು ಮಾಡಿನ ಅಡಿಯಲ್ಲಿ ಇಟ್ಟದ್ದು. ನೀರಿಗಿಳಿಯದ ದೋಣಿಯನ್ನು ಯಾರೂ ಕೆರೆಯುವುದಿಲ್ಲವಲ್ಲ.

ಆಶ್ರಿತಾ ಮೇಡಂ ಫೋನಿನಲ್ಲಿ, “ಇದು ನಿಜವಾ? ನಿಜ ಆದರೆ ಈಗಲೇ ಹೇಳಿ ಧನರಾಜ್. ಅರ್ಜಿಯನ್ನು ತಿದ್ದುವ. ಅವರ ಹೆಸರು ಹಾಕುವ. ಆಗ ಲಾಯ್ಡ್ ಹತ್ತಿರ ಹೇಳ್ಲಿಕ್ಕೆ ಎಂತ ಉಳೀತದೆ?” ಎಂದರು.

ಪೇಪರಿನಲ್ಲಿ ಬಂದಾಗಿದೆ. ಎಂಟು ಬೋಟುಗಳ ಮೂಲೆಯಲ್ಲಿ ಹೆಸರು ಹಾಕಿಯಾಗಿದೆ. ಈಗ ತಿದ್ದಿದರೆ ಬಂದರಿನಲ್ಲಿ ಮುಖ ಎತ್ತಿ ನಡೆಯುವುದು ಹೇಗೆ?

“ಹಳೇ ದೋಣಿ ಮೇಡಂ. ಎಂತ ಉಂಟು ಅಂತ ನೋಡಿ ಹೇಳ್ತೇನೆ” ಎಂದೆ.

22 ಜುಲೈ, ಸೋಮವಾರ

ಕೆಲಸ: ದೋಣಿ ಒಂದು. ಕಾಪು. ಕೆರೆಯುವ ಪಟ್ಟಿ ಎರಡು, ಸ್ಯಾಂಡ್ ಪೇಪರ್ ಆರು ಹಾಳೆ, ತಿನ್ನರ್, ಬಿಳಿ, ನೀಲಿ, ಹಳದಿ.

ಬೆಳಿಗ್ಗೆ ಎಂಟಕ್ಕೆ ಹೋದೆ. ಅಮ್ಮಣ್ಣಿಯಕ್ಕನಿಗೆ ಖುಷಿಯೋ ಖುಷಿ. “ಅಣ್ಣನ ದೋಣಿಗೆ ಬಣ್ಣ ಹೊಡೆಯುವವರೇ ಇರ್ಲಿಲ್ಲ. ನಿನಗಾದ್ರೂ ನೆನಪಾಯ್ತಲ್ಲ ಮಗಾ” ಎಂದರು. ಗುಣಪಾಲಣ್ಣ ಹಿಂದಿನ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತರು.

“ಈ ಮಳೆಯಲ್ಲಾ? ಬಣ್ಣ ಒಣಗುದಿಲ್ಲ ಮಾರಾಯ.”

“ಮಾಡಿನ ಅಡಿಯಲ್ಲಿ ಉಂಟಲ್ಲ. ಒಣಗ್ತದೆ.”

ದೋಣಿಯ ಮೂತಿಯಲ್ಲಿ ‘ಶ್ರೀ ಸಾಗರಲಕ್ಷ್ಮಿ’. ಅಡಿಯಲ್ಲಿ 1986. ಆಗ ನನಗೆ ಆರು ವರ್ಷ. ಬಣ್ಣ ಮಸುಕಾಗಿತ್ತು, ಗೆರೆ ಮಾತ್ರ ಒಂದೂ ಕದಲಿರಲಿಲ್ಲ. ಒತ್ತು, ಕೊಕ್ಕೆ, ಓರೆ ತಲೆಕಟ್ಟು, ಎಲ್ಲ ಈಗ ನಾನು ಬರೆಯುವ ಹಾಗೆಯೇ. ಚೆನ್ನಾಗಿ ಬರೆದಿದ್ದರು.

“ಅಕ್ಷರ ಬಿಡು. ಸುತ್ತ ಹೊಡಿ ಸಾಕು” ಎಂದರು.

“ಅಕ್ಷರದ ಅಡಿಯಲ್ಲೇ ಮರ ಕುಂಬಾಗಿದೆ ಗುಣಪಾಲಣ್ಣ.”

ಅಷ್ಟೇನೂ ಕೊಳೆತಿರಲಿಲ್ಲ. ಆದರೆ ಕೊಳೆಯುವ ಮೊದಲೇ ಕೆರೆಯುವುದು ಒಳ್ಳೆಯದು. ಅವರು ಎದ್ದು ಬಂದು ಎಡಗೈಯ ಬೆರಳಿನಿಂದ ಮರವನ್ನು ಒತ್ತಿ ನೋಡಿದರು. ಗಟ್ಟಿ ಇತ್ತು. ನನ್ನನ್ನು ನೋಡಿದರು. ಹೋಗಿ ಕುರ್ಚಿಯಲ್ಲಿ ಕೂತರು.

ಹಳೆಯ ಕಾಲದ ಬಣ್ಣ, ಮರಕ್ಕೆ ಕಚ್ಚಿಕೊಂಡಿತ್ತು. ಮೂರು ಗಂಟೆ ಹಿಡಿಯಿತು. ಇಸವಿ ಬೇಗ ಹೋಯಿತು. ‘ಶ್ರೀ’ಯ ಒತ್ತು ಹೋಗಲು ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು, ಪಟ್ಟಿಯ ಬಾಯಿ ಎರಡು ಸಲ ಮಸೆಯಬೇಕಾಯಿತು. ಅಮ್ಮಣ್ಣಿಯಕ್ಕ ಉದುರಿದ ಹುಡಿಯನ್ನು ಹಿಡಿಸೂಡಿಯಿಂದ ಒಟ್ಟು ಮಾಡಿ ತೆಂಗಿನ ಬುಡಕ್ಕೆ ಹಾಕಿದರು. ಮಧ್ಯಾಹ್ನ ಬಿಳಿ ಹೊಡೆದು, ಸಂಜೆಗೆ ಹೆಸರು ಬರೆದೆ. ಇಸವಿ ಹಾಕಲಿಲ್ಲ, ಈಗ ಯಾರೂ ಹಾಕುವುದಿಲ್ಲ.

ಗುಣಪಾಲಣ್ಣ ಅಷ್ಟು ಹೊತ್ತೂ ಅಲ್ಲಿಯೇ ಇದ್ದರು. ಕೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡಿರಲಿಲ್ಲ. ಅದು ಮಡಿಲಲ್ಲಿ ನಡುಗುತ್ತಲೇ ಇತ್ತು. ನಾನು ಬ್ರಷ್ಷು ತೊಳೆಯುವಾಗ ಒಂದೇ ಮಾತು ಹೇಳಿದರು.

“ಒತ್ತು ಇನ್ನೂ ಸ್ವಲ್ಪ ಕೆಳಗೆ ಬರ್ಬೇಕಿತ್ತು.”

“ಇದು ನನ್ನ ರೀತಿ” ಎಂದೆ.

ಊಟಕ್ಕೆ ಕರೆದಿದ್ದರು, ಬಂಗುಡೆ ಹುರಿದಿದ್ದರು. ತಿನ್ನರ್ ವಾಸನೆಗೆ ಊಟ ಸೇರಲಿಲ್ಲ. ಮನೆಗೆ ಬಂದ ಮೇಲೂ ಸೇರಲಿಲ್ಲ.

25 ಜುಲೈ, ಗುರುವಾರ

ಮಧ್ಯಾಹ್ನ ಲಾಯ್ಡ್ ಫೋನು ಮಾಡಿದ. ಬೈಯುತ್ತಾನೆ ಎಂದುಕೊಂಡೆ. ದನಿ ಸಣ್ಣದಾಗಿತ್ತು.

“ದೋಣಿ ನೋಡಿದೆ. ಬಣ್ಣ ಇನ್ನೂ ಕೈಗೆ ಹತ್ತುತ್ತಾ ಉಂಟು. ಅವರ ಹತ್ತಿರ ಮೂರು ಸಲ ಕೇಳಿದೆ, ಈ ಅಕ್ಷರ ಮೊದಲು ಮಾಡಿದ್ದು ಯಾರು ಅಂತ. ಮೂರು ಸಲವೂ ‘ಧನರಾಜನದ್ದು’ ಅಂದರು. ಕಾಗದಕ್ಕೆ ಹೆಬ್ಬೆಟ್ಟು ಕೂಡ ಒತ್ತಿದರು. ನಾನು ಆಕ್ಷೇಪ ವಾಪಸು ತೆಗೀತೇನೆ. ಆ ಅಕ್ಷರಗಳನ್ನು ಕಂಪ್ಯೂಟರಿನಿಂದಲೂ ತೆಗೀತೇನೆ. ನಿಮ್ಮ ನೋಟಿಸಿಗೆ ಹೆದರಿ ಅಲ್ಲ.”

ಮತ್ತೆ ಎಂತಕ್ಕೆ ಎಂದು ಕೇಳುವುದರೊಳಗೆ ಫೋನು ಇಟ್ಟ.

ಆಶ್ರಿತಾ ಮೇಡಂಗೆ ತಿಳಿಸಿದೆ. “ದೋಣಿಗೆ ಯಾವಾಗ ಬಣ್ಣ ಹೊಡೆದದ್ದು ಅಂತ ನಾನು ಕೇಳುವುದಿಲ್ಲ. ಇನ್ನು ಮುಂದಿನದ್ದಕ್ಕೆ ನೀವು ಬೇರೆಯವರನ್ನು ನೋಡಿಕೊಳ್ಳಿ” ಎಂದರು. ಅವರಿಗೆ ದೊಡ್ಡ ಕೇಸು ಏನೋ ಬಂದಿರಬೇಕು.

ಒಟ್ಟಿನಲ್ಲಿ ಗೆದ್ದೆವು. ಗುಣಪಾಲಣ್ಣ ಕೊನೆಗೂ ನನ್ನ ಕೈ ಹಿಡಿದರು. ಸೌಮ್ಯಶ್ರೀಗೆ ಹೇಳಿದೆ, ಅವಳು ಒಲೆಯ ಕಡೆಗೇ ಮುಖ ಮಾಡಿಕೊಂಡಿದ್ದಳು. ಇವತ್ತೂ ಹಸಿವಿಲ್ಲ.

14 ಅಕ್ಟೋಬರ್

ಪಡುಬಿದ್ರಿಯಲ್ಲಿ ತಿಲಕ್ ಎಂಬವನು ಎರಡು ದೋಣಿಗೆ ನನ್ನ ಅಕ್ಷರದಲ್ಲಿ ಹೆಸರು ಬರೆದಿದ್ದಾನೆ. ಹಿಂದೆ ಒಂದು ವರ್ಷ ಕಾಪುವಿನಲ್ಲಿ ಕಲಿತು ಬಿಟ್ಟವನು. ಹೊಸ ವಕೀಲರಿಂದ ನೋಟಿಸು ಕಳುಹಿಸಿದೆ. “ನಮಗಿಬ್ಬರಿಗೂ ಒಬ್ಬರೇ ಅಲ್ವಾ ಕಲಿಸಿದ್ದು” ಎಂದು ಫೋನಿನಲ್ಲಿ ಅತ್ತ. ಅಳುವುದು ಕಾನೂನಿನಲ್ಲಿ ಉತ್ತರವಲ್ಲ.

19 ಡಿಸೆಂಬರ್, ಗುರುವಾರ

ನೋಂದಣಿ ಪತ್ರ ಬಂತು. ಕರ್ತೃ ಎಂಬಲ್ಲಿ ನನ್ನ ಹೆಸರು, ಸ್ವಾಮ್ಯ ಎಂಬಲ್ಲಿಯೂ ನನ್ನ ಹೆಸರು. ಗಾಜು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದೆ. ಸೌಮ್ಯಶ್ರೀ ಅದಕ್ಕೆ ಎದುರಾಗಿದ್ದ ತನ್ನ ಕುರ್ಚಿಯನ್ನು ಬದಿಗೆ ಸರಿಸಿಕೊಂಡಿದ್ದಾಳೆ, ಗಾಜು ಹೊಳೆದು ಕಣ್ಣಿಗೆ ಹೊಡೆಯುತ್ತದಂತೆ.

ಮಧ್ಯಾಹ್ನ ಅಮ್ಮಣ್ಣಿಯಕ್ಕನ ಫೋನು ಬಂತು. ಜುಲೈಯಿಂದ ಈಚೆ ನನಗೆ ಆ ಕಡೆ ಹೋಗಲಾಗಿಲ್ಲ, ಕೆಲಸ ಹೆಚ್ಚು. ಬಾರದ್ದಕ್ಕೆ ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ.

“ಮಣಿಪಾಲದ ಡಾಕ್ಟ್ರು ಇವರ ಕೈಗೆ ವ್ಯಾಯಾಮ ಹೇಳಿದ್ದಾರೆ. ದಿನಾ ಸ್ಲೇಟಿನಲ್ಲಿ ದೊಡ್ಡ ದೊಡ್ಡ ಅಕ್ಷರ ಬರೀಬೇಕಂತೆ. ಸ್ಲೇಟು ತಂದಿಟ್ಟು ಎಂಟು ದಿನ ಆಯ್ತು, ಇವರು ಕಡ್ಡಿ ಮುಟ್ಟುದಿಲ್ಲ. ‘ಮೊದಲು ಧನರಾಜನನ್ನು ಕೇಳು. ಅವ ಆಗಬಹುದು ಅಂದ್ರೆ ಬರೀತೇನೆ’ ಅಂತಾರೆ. ಎಂತಕ್ಕೆ ನಿನ್ನನ್ನು ಕೇಳುದು ಅಂತ ನನಗೆ ಗೊತ್ತಿಲ್ಲ. ಕೇಳು ಅಂದ್ರು, ಕೇಳ್ತಾ ಇದ್ದೇನೆ.”

ಹಿರಿಯರು, ಕಾನೂನಿಗೆ ಬೆಲೆ ಕೊಡುತ್ತಾರೆ. ಬೇರೆಯವರು ಅವರನ್ನು ನೋಡಿ ಕಲಿಯಬೇಕು. ಮನೆಯೊಳಗೆ ಸ್ವಂತ ಅಭ್ಯಾಸಕ್ಕೆ ಬರೆದುಕೊಳ್ಳಲು ಕಾನೂನಿನಲ್ಲಿ ಅವಕಾಶ ಉಂಟು, ನನ್ನ ಆಕ್ಷೇಪ ಇಲ್ಲ, ಹೊರಗೆ ಯಾರಿಗೂ ಬರೆದು ಕೊಡದಿದ್ದರೆ ಸಾಕು ಎಂದೆ.

ಅಮ್ಮಣ್ಣಿಯಕ್ಕ ಅದನ್ನು ಹಾಗೆಯೇ ಒಳಗೆ ಕೂಗಿ ಹೇಳಿದರು. “ಉಪಕಾರ ಆಯ್ತು ಮಗಾ” ಎಂದು ಅವರು ಫೋನು ಇಟ್ಟರು.